ಹಸುವಿಗೊಂದು ನೀರಿನ ಬಟ್ಟಲು

ಸೋಮವಾರ ಬಟ್ಟೆ ಒಗೆಯುವ ದಿನ. ಮೇ ತಿಂಗಳ ಆ ಸೋಮವಾರ ಬೆಳಿಗ್ಗೆ ಏಳು ಗಂಟೆಯೊಳಗೆ ನಾನು ದಿಬ್ಬದ ಮೇಲಿನ ಬಾವಿಗೆ ಆರು ಸಲ ಹೋಗಿಬಂದಿದ್ದೆ. ಏಳನೆಯ ಸಲ ಎರಡು ಕೈಯಲ್ಲೂ ತುಂಬಿದ ಬಕೆಟ್ ಹಿಡಿದು ಇಳಿದು ಬರುತ್ತೇನೆ, ದಾರಿಯೇ ಇಲ್ಲ. ಅಡುಗೆಮನೆಯ ಬಾಗಿಲು ಹತ್ತು ಹೆಜ್ಜೆಯಿದೆ ಅನ್ನುವಾಗ ಕಾಲ ಮುಂದೆ ಕಂದಕ; ದಾರಿಗೆಂದು ಬಿಟ್ಟಿದ್ದ ತುಂಡನ್ನೂ ಆಗಷ್ಟೇ ಅಗೆದುಬಿಟ್ಟಿದ್ದರು. ಅದರೊಳಗೆ ಬಗ್ಗಿದ್ದವನೊಬ್ಬ ತಲೆಯೆತ್ತಿದ. ಮೊದಲು ಟೋಪಿ ಕಂಡಿತು, ಆಮೇಲೆ ಕೆಂಪು ಮೀಸೆ.

"ಈ ಕಡೆ ಯಾಕೆ ಇಳಿದ್ರಿ ತಾಯಿ? ಮತ್ತೆ ದಿಬ್ಬ ಹತ್ತಿ ಆ ಬದಿಯಿಂದ ಬರಬೇಕಾಗುತ್ತೆ. ಮೂರು ದಿನ ಅಷ್ಟೇ."

"ತುಂಬಿದ ಬಕೆಟ್ ಹೊತ್ತು ಹತ್ತಲಾ? ಒಂದು ಹಲಗೆ ಹಾಕಪ್ಪ."

ಅವನು ಮಣ್ಣು ಕೊಡವಿಕೊಂಡು ಮೇಲೆ ಬಂದು ಹಲಗೆ ಹಾಕಿದ. ನಾನು ದಾಟಿದೆ. ದಾಟುವಾಗ ಕೆಳಗೆ ನೋಡಿದೆ. ಕಂದಕ ಬಾವಿಯ ಪಕ್ಕದ, ನೀರೆತ್ತುವ ಹೊಸ ಗಾಳಿಯಂತ್ರದ ಬುಡದಿಂದ ಹೊರಟು, ನನ್ನ ಈರುಳ್ಳಿ ಪಾತಿಯನ್ನು ಸೀಳಿ, ಅಡುಗೆಮನೆಯ ಗೋಡೆಯನ್ನು ಸವರುವಷ್ಟು ಹತ್ತಿರ ಹಾದು, ಕೆಳಗಿನ ದನದ ಕೊಟ್ಟಿಗೆಯ ಕಡೆಗೆ ಹೋಗಿತ್ತು. ಮಿನೆಸೋಟಾದ ಚಳಿಗೆ ಪೈಪು ಒಡೆಯಬಾರದೆಂದು ಆರಡಿ ಆಳ ಅಗೆಯಬೇಕು.

ಗಂಡ ಸಿವೆರ್ಟ್ ಕೊಟ್ಟಿಗೆಯ ಕಡೆಯಿಂದ ಬಂದ. ಜೊತೆಯಲ್ಲಿ ಪೈಪು, ಬಟ್ಟಲು ಮಾರುವ ಕಂಪನಿಯ ಏಜೆಂಟ್ ಡೂಲಿ, ಪಟ್ಟೆಪಟ್ಟೆ ಕೋಟಿನವನು.

"ಮೇಡಂ, ಇನ್ನು ಮೇಲೆ ಚಳಿಗಾಲದಲ್ಲಿ ನಿಮ್ಮ ಹಸುಗಳು ನೀರಿಗೆ ಅಂತ ಹೊರಗೆ ಕಾಲಿಡೋ ಹಾಗಿಲ್ಲ," ಎಂದ ಡೂಲಿ. "ಪ್ರತಿ ಹಸು ಮುಂದೆ ಒಂದು ಕಬ್ಬಿಣದ ಬಟ್ಟಲು. ಮೂಗಿನಿಂದ ಒತ್ತಿದ್ರೆ ಸಾಕು, ನೀರು ತಾನಾಗಿ ತುಂಬುತ್ತೆ. ಹನ್ನೆರಡು ಹಸು, ಹನ್ನೆರಡು ಬಟ್ಟಲು!"

"ಹದಿಮೂರನೇದು ಎಲ್ಲಿ? ನಂದು?"

ಡೂಲಿ ನಕ್ಕ. ನಗು ಮುಗಿದ ಮೇಲೆ ಗೋಡೆಯನ್ನೂ ಕಂದಕವನ್ನೂ ಒಮ್ಮೆ ಅಳೆದು ನೋಡಿ ಸಿವೆರ್ಟನ ಕಡೆ ತಿರುಗಿದ. "ಅವರು ಹೇಳೋದೂ ಸರಿನೇ. ಹೇಗೂ ಅಗೆದಾಗಿದೆ. ಇಲ್ಲೊಂದು ಕವಲು ಹಾಕಿ, ಹನ್ನೆರಡು ಅಡಿ ಪೈಪು ಎಳೆದು, ಒಳಗೊಂದು ನಲ್ಲಿ. ಎಂಟು ಡಾಲರು. ನನಗೆ ಒಂದು ಬೆಳಗಿನ ಕೆಲಸ."

"ಮುಂದಿನ ವರ್ಷ ನೋಡೋಣ," ಎಂದ ಸಿವೆರ್ಟ್.

"ಮುಂದಿನ ವರ್ಷ ಆದ್ರೆ ಮತ್ತೆ ಆರಡಿ ಅಗೀಬೇಕು," ಎಂದ ಡೂಲಿ.

"ಕವಲು ಕೊಟ್ರೆ ಬಟ್ಟಲಿಗೆ ನೀರಿನ ರಭಸ ಕಡಿಮೆ ಆಗುತ್ತೆ ಅಂತ ನಿಮ್ಮ ಪುಸ್ತಕದಲ್ಲೇ ಬರೆದಿದೆಯಲ್ಲ ಸ್ವಾಮಿ?"

"ಅದು ಐವತ್ತು ಹಸು ಕಟ್ಟಿರೋರಿಗೆ."

"ಬರೆದಿದೆ," ಎಂದ ಸಿವೆರ್ಟ್. ಅಲ್ಲಿಗೆ ಆ ಮಾತು ಮುಗಿಯಿತು.

ಅವನು ಊಟಕ್ಕೆ ಮೊದಲು ಬೈಬಲ್ ಓದುತ್ತಿದ್ದ, ಊಟವಾದ ಮೇಲೆ ಆ ಕಂಪನಿಯ ಪುಸ್ತಕ ಓದುತ್ತಿದ್ದ. ಎರಡಕ್ಕೂ ದನಿ ಒಂದೇ.

ಅತ್ತೆ ಗುರೊ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು. "ನಾನು ನಾರ್ವೆಯಿಂದ ಬಂದಾಗ ಈ ಬಾವಿನೂ ಇರ್ಲಿಲ್ಲ," ಎಂದರು, ನನ್ನ ಕಡೆ ನೋಡದೆ. "ಹಳ್ಳದಿಂದ ಹೊತ್ತೆ. ಹೊಟ್ಟೇಲಿ ಮಗು ಇದ್ದಾಗಲೂ ಹೊತ್ತೆ. ಈಗಿನೋರಿಗೆ ಬಾವಿ ದೂರ."

"ಹಸುಗಳಿಗೂ ದೂರ ಆಯ್ತಲ್ಲ ಅತ್ತೆ. ಅವಕ್ಕೆ ಯಾರೂ ಬೈಯಲಿಲ್ಲ."

ಮಗಳು ಅಲ್ಮಾ ಹಲಗೆಯ ಮೇಲೆ ಆಚೆಯಿಂದ ಈಚೆಗೆ ಕುಣಿದಾಡುತ್ತಿದ್ದಳು. ಅವಳಿಗೆ ಒಂಬತ್ತು ವರ್ಷ. ನಿಂತುಬಿಟ್ಟು, "ಅಪ್ಪಾ, ಮತ್ತೆ..." ಎಂದು ಬಾಯಿ ತೆರೆದಳು.

"ದೊಡ್ಡೋರು ಮಾತಾಡ್ತಿದ್ದಾರೆ," ಎಂದರು ಅತ್ತೆ. ಹುಡುಗಿ ಬಾಯಿ ಮುಚ್ಚಿದಳು.

ಮೂರು ದಿನ ಕಳೆಯಿತು. ಪೈಪು ಇಳಿಯಿತು, ಮಣ್ಣು ಬಿತ್ತು. ಉಳಿದ ಈರುಳ್ಳಿಯನ್ನು ನಾನು ಮತ್ತೆ ನೆಟ್ಟೆ. ಬಾವಿಗೆ ಹೋಗುವಾಗ, ಬರುವಾಗ ನನ್ನ ಕಾಲ ಕೆಳಗೆ ನೀರು ಹರಿಯುತ್ತಿತ್ತು. ನಾನು ಅದರ ಮೇಲೆ ನೀರು ಹೊತ್ತು ನಡೆಯುತ್ತಿದ್ದೆ.

*

ಬಟ್ಟಲು ಕೂಡಿಸಿದ ಮೊದಲ ಸಂಜೆ ಒಂದು ಹಸುವೂ ನೀರು ಕುಡಿಯಲಿಲ್ಲ. ಕಬ್ಬಿಣದ ಬಾಯಿಗೆ ಮೂಗು ಹಾಕಲು ಹೆದರಿದವು. ಹಾಲು ಕರೆಯಲು ಹೋದಾಗ ನೋಡುತ್ತೇನೆ, ಸಿವೆರ್ಟ್ ಹುಲ್ಲಿನ ಮೇಲೆ ಮಂಡಿಯೂರಿ ಕೂತು, ಎಲ್ಲಕ್ಕಿಂತ ಹಿರಿಯಳಾದ ಡಾಗ್ರೊಸ್ ಹಸುವಿನ ಮುಂದೆ ತನ್ನ ಬೆರಳಿನಿಂದ ಬಟ್ಟಲಿನ ತಗಡು ಒತ್ತುತ್ತಿದ್ದ.

"ನೋಡು ಪುಟ್ಟೀ, ಹೀಗೆ. ಎಷ್ಟು ಸುಲಭ ನೋಡು. ಕುಡಿ ಬಂಗಾರ. ತಣ್ಣಗಿದೆ, ಕುಡಿ."

ಹದಿನೊಂದು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿದ್ದೇನೆ, ಇಲ್ಲವೆನ್ನಲಾರೆ. ಅಲ್ಮಾ ಹುಟ್ಟಿದಾಗ ಕೇಳಿದ್ದೆ. ಈಗಲೂ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಒಲೆ ಹಚ್ಚುವವನು ಅವನೇ. ಆ ಸಂಜೆ ಮಾತ್ರ ಹಾಲಿನ ಪಾತ್ರೆ ಹಿಡಿದು ಅಲ್ಲೇ ನಿಂತುಬಿಟ್ಟೆ.

"ಕುಡಿದಳಾ?" ಎಂದೆ.

"ಕುಡೀತಾಳೆ, ಕುಡೀತಾಳೆ. ಅಭ್ಯಾಸ ಆಗಬೇಕು." ಅವನ ಮುಖ ಹೊಳೆಯುತ್ತಿತ್ತು. "ಟೂರಿನಾ, ಜನವರಿ ಚಳೀಲಿ ಇವು ಮಂಜುಗಡ್ಡೆ ಮೇಲೆ ಜಾರಿಕೊಂಡು ನೀರಿಗೆ ಹೋಗ್ತಿದ್ದದ್ದು ನೆನೆಸಿಕೋ. ಪಾಪ."

"ನೆನಪಿದೆ. ನಾನೂ ಜೊತೇಲೇ ಜಾರ್ತಿದ್ನಲ್ಲ."

ಅವನು ಅದನ್ನು ತಮಾಷೆಯೆಂದು ತಿಳಿದು ನಕ್ಕ.

ವಾರದಲ್ಲಿ ಹಸುಗಳು ಕಲಿತವು. ಹಾಲಿನ ಪಾತ್ರೆ ತೊಳೆಯಲೆಂದು ಪೈಪಿನ ಕೊನೆಗೆ, ಕೊಟ್ಟಿಗೆಯ ಗೋಡೆಯಲ್ಲಿ ಒಂದು ನಲ್ಲಿಯೂ ಬಂತು. ಅಲ್ಲಿಂದ ತುಂಬಿದ ಬಕೆಟ್ ಮನೆಗೆ ಹತ್ತಿಸುವುದಕ್ಕಿಂತ ಬಾವಿಯಿಂದ ಇಳಿಸುವುದೇ ಸುಲಭ. ಸಿವೆರ್ಟ್ ತೂಕದ ಕೊಕ್ಕೆ ತೂಗುಹಾಕಿ, ಯಾವ ಹಸು ಎಷ್ಟು ಪೌಂಡು ಹಾಲು ಕೊಟ್ಟಿತೆಂದು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯತೊಡಗಿದ. ಸುದ್ದಿ ಹರಡಿತು. ಭಾನುವಾರ ಚರ್ಚು ಮುಗಿದ ಮೇಲೆ ಸುತ್ತಲ ಹೊಲಗಳವರು ಬಂಡಿ ಕಟ್ಟಿಕೊಂಡು ನಮ್ಮ ಹಸುಗಳು ನೀರು ಕುಡಿಯುವುದನ್ನು ನೋಡಲು ಬಂದರು. ಮೊದಲ ಭಾನುವಾರ ಎಂಟು ಜನ, ಎರಡನೆಯ ಭಾನುವಾರ ಹದಿನೇಳು.

ಬಂದವರಿಗೆ ಕಾಫಿ ಕೊಡದೆ ಕಳಿಸುವುದು ನಮ್ಮಲ್ಲಿ ಇಲ್ಲ. ಕಾಫಿಯೆಂದರೆ ಬರೀ ಕಾಫಿಯೂ ಅಲ್ಲ. ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುತ್ತಿಡಬೇಕು, ಎರಡು ಬಗೆಯ ಬಿಸ್ಕತ್ತು ಇಡಬೇಕು. ಗಂಡಸರು ಕೊಟ್ಟಿಗೆಯಲ್ಲಿ ಮೂಗಿನಿಂದ ಒತ್ತುವ ಬಟ್ಟಲನ್ನು ಹೊಗಳುತ್ತ ನಿಂತರೆ ನಾನು ಅವರ ಕಾಫಿಗೆ, ಅವರ ಬಟ್ಟಲು ತೊಳೆಯುವುದಕ್ಕೆ ದಿಬ್ಬ ಹತ್ತುತ್ತಿದ್ದೆ.

ಒಕ್ಕಣೆ ಯಂತ್ರದ ಮಾಲೀಕ ಮೊನ್ಸ್ ದೊಡ್ಡ ದೇಹದವನು, ಬಾಯಿಯೂ ದೊಡ್ಡದು. ಸಕ್ಕರೆಯ ತುಂಡು ಹಲ್ಲಿನಲ್ಲಿ ಕಚ್ಚಿಕೊಂಡು ಕಾಫಿ ಹೀರುತ್ತ ಕೇಳಿದ: "ಹಾಲು ಜಾಸ್ತಿ ಆಯ್ತೇನಯ್ಯ ಸಿವೆರ್ಟ್?"

"ಡಾಗ್ರೊಸ್ ದಿನಕ್ಕೆ ನಾಲ್ಕು ಪೌಂಡು ಜಾಸ್ತಿ ಕೊಡ್ತಿದ್ದಾಳೆ!"

"ಮೇ ತಿಂಗಳ ಹಸಿ ಹುಲ್ಲು ತಿಂದ್ರೆ ನನ್ನ ಹಸೂನೂ ಕೊಡುತ್ತೆ. ಅದಕ್ಕೆ ನಾನು ಮೂಗಿನ ಬಟ್ಟಲು ಹಾಕ್ಸಿಲ್ಲ."

"ಹುಲ್ಲಿಂದಲ್ಲ, ನೀರಿಂದ. ಪುಸ್ತಕದಲ್ಲಿದೆ."

"ಇನ್ನೊಂದು ಬಟ್ಟಲು ಕಾಫಿ ಕೊಡಮ್ಮ," ಎಂದ ಮೊನ್ಸ್ ನನಗೆ. "ನಿಮ್ಮ ನೀರು ಚೆನ್ನಾಗಿದೆ."

"ಚೆನ್ನಾಗಿರಲೇಬೇಕು. ಬಹಳ ದೂರದಿಂದ ಬಂದಿದೆ," ಎಂದೆ. ಅವನಿಗೆ ಅರ್ಥವಾಗಲಿಲ್ಲ.

*

ಜುಲೈ ತಿಂಗಳಲ್ಲಿ ನನಗೆ ಖಾತ್ರಿಯಾಯಿತು. ಡಿಸೆಂಬರಿಗೆ ಮಗು. ಸಿವೆರ್ಟನಿಗೆ ಹೇಳಿದಾಗ ಹುಲ್ಲು ಕೊಯ್ಯುತ್ತಿದ್ದವನು ಕುಡುಗೋಲು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡ. ಅತ್ತೆಗೆ ಯಾರೂ ಹೇಳಬೇಕಿರಲಿಲ್ಲ. ಅವರು ಆಗಲೇ ಹಳೆಯ ತೊಟ್ಟಿಲನ್ನು ಬಿಸಿಲಿಗೆ ಇಟ್ಟಿದ್ದರು.

ಆ ವಾರ ಒಂದು ಮಧ್ಯಾಹ್ನ ತೋಟದಿಂದ ಬಟಾಣಿ ಕಿತ್ತು ತಂದೆ. ಅಡುಗೆಮನೆಯಲ್ಲಿ ಅತ್ತೆ ಕೂತಿದ್ದರು, ತೊಡೆಯ ಮೇಲೆ ಅವರ ಹಳೆಯ ಹೆಗಲ ಅಡ್ಡೆ. ಕುತ್ತಿಗೆಗೆ ಸರಿಹೊಂದುವಂತೆ ಮಧ್ಯೆ ಕಡೆದ ಮರ, ಎರಡು ತುದಿಗೂ ಹಗ್ಗ, ಬಕೆಟ್ ಸಿಕ್ಕಿಸುವ ಕೊಕ್ಕೆ. ಅದನ್ನೇ ಹೊತ್ತು ಅವರು ಹಳ್ಳದಿಂದ ನೀರು ತಂದದ್ದು. ಈಗ ಸಣ್ಣ ಚಾಕುವಿನಿಂದ ಅದರ ಕುತ್ತಿಗೆಯ ಜಾಗವನ್ನು ಕೆತ್ತುತ್ತಿದ್ದರು. ತುದಿಗಳನ್ನು ಆಗಲೇ ಗರಗಸದಿಂದ ಕೊಯ್ದು ಗಿಡ್ಡ ಮಾಡಿದ್ದರು. ಅಲ್ಮಾ ಅವರಿಗೆ ಬೆನ್ನು ಮಾಡಿ ನಿಂತಿದ್ದಳು.

"ಅಮ್ಮ ನೋಡು! ಅಜ್ಜಿ ನನ್ನ ಅಳತೆಗೆ ಮಾಡ್ತಿದ್ದಾರೆ!"

"ಅಲುಗಾಡಬೇಡ," ಎಂದರು ಅತ್ತೆ. ಅಡ್ಡೆಯನ್ನು ಅವಳ ಹೆಗಲಿಗಿಟ್ಟು ನೋಡಿದರು. "ಎಡಗಡೆ ಇನ್ನೊಂದು ಚೂರು ತೆಗೀಬೇಕು. ಒತ್ತಬಾರದು."

ಒತ್ತದಿರಲೆಂದು ಅವರು ತಮ್ಮ ಉಣ್ಣೆಯ ಲಂಗದಿಂದ ಒಂದು ತುಂಡು ಕತ್ತರಿಸಿ, ಮಡಿಸಿ, ಹೊಲಿಯಲು ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅದು ಅವರ ಒಳ್ಳೆಯ ಲಂಗ, ಕ್ರಿಸ್‌ಮಸ್ಸಿಗೆ ಉಡುವುದು.

"ಇದು ಯಾಕೆ ಅತ್ತೆ?"

"ಯಾಕೆ ಅಂದ್ರೆ? ಡಿಸೆಂಬರಲ್ಲಿ ನೀನು ಮಲಗಿದಾಗ ನೀರು ತರೋರು ಯಾರು? ನನ್ನ ಸೊಂಟ ಹೋಗಿದೆ. ಗಂಡಸರು ತರ್ತಾರಾ? ಈಗಿಂದಲೇ ಅರ್ಧರ್ಧ ಬಕೆಟ್ ಹೊತ್ತು ರೂಢಿ ಮಾಡ್ಕೊಂಡ್ರೆ ಆಗ ಕಷ್ಟ ಆಗಲ್ಲ."

ನಾನು ಅಲ್ಮಾಳ ಜಡೆ ಎತ್ತಿದೆ. ಕುತ್ತಿಗೆಯ ಕೆಳಗೆ ಎರಡು ಸಣ್ಣ ಮೂಳೆ, ಬೆರಳಿಟ್ಟರೆ ಮುಚ್ಚಿಹೋಗುವಷ್ಟು. ಅವಳು ಕಚಗುಳಿಯಾಗಿ ನಕ್ಕಳು. ಅಡ್ಡೆಯನ್ನು ಅವಳ ಹೆಗಲಿನಿಂದ ತೆಗೆದು ಅತ್ತೆಯ ಮುಂದೆ ಮೇಜಿನ ಮೇಲೆ ಇಟ್ಟೆ.

"ಇದು ನಿಮ್ಮದು, ನಾನು ಏನೂ ಮಾಡಲ್ಲ. ಆದ್ರೆ ನನ್ನ ಮಗಳ ಹೆಗಲಿಗೆ ಏರಲ್ಲ."

"ನಾನೇನು ಅವಳಿಗೆ ವಿಷ ಕೊಟ್ನಾ?"

"ಇಲ್ಲ. ಪ್ರೀತಿಯಿಂದಲೇ ಮಾಡ್ತಿದ್ದೀರಿ. ಅದಕ್ಕೇ ನನಗೆ ಭಯ."

ರಾತ್ರಿಯ ಊಟಕ್ಕೆ ಉಪ್ಪು ಹಂದಿಮಾಂಸ, ಬಟಾಣಿ, ಹಾಲಿನ ಗಂಜಿ. ಸಿವೆರ್ಟ್ ಇಬ್ಬರ ಮುಖವನ್ನೂ ನೋಡಿದ. ಅತ್ತೆಯೇ ಹೇಳಿದರು. ಅವನು ಚಮಚದಿಂದ ಗಂಜಿ ಕಲಕುತ್ತ ಯೋಚಿಸಿದ.

"ಬಾಣಂತನದ ಎರಡು ತಿಂಗಳ ಮಾತು ತಾನೇ. ಹುಡುಗಿ ಸ್ವಲ್ಪ ಗಟ್ಟಿ ಆಗ್ತಾಳೆ."

"ಡಾಗ್ರೊಸ್ ಗಟ್ಟಿ ಆಗೋದು ಬೇಡ್ವಾ?" ಎಂದೆ. "ಅವಳ ಕೊಂಬಿಗೆ ಎರಡು ಬಕೆಟ್ ಕಟ್ಟಿ ದಿಬ್ಬಕ್ಕೆ ಕಳಿಸು."

"ಹಸು ವಿಷಯ ಬೇರೆ. ಅದು ಹಾಲು ಕೊಡುತ್ತೆ."

ಹೇಳಿದ ಮೇಲೆ ಅವನಿಗೇ ಏನೋ ಅನಿಸಿರಬೇಕು, ತಲೆ ತಗ್ಗಿಸಿ ಬೇಗ ಬೇಗ ಉಂಡ. ಅಲ್ಮಾ ತಂದೆಯನ್ನೇ ನೋಡುತ್ತಿದ್ದಳು.

"ಅಪ್ಪಾ, ಒಂದು ಕೇಳ್ಲಾ?"

"ಊಟದ ಹೊತ್ತಲ್ಲಿ ಮಕ್ಕಳು ಏನೂ ಕೇಳಲ್ಲ," ಎಂದರು ಅತ್ತೆ.

"ಎಲ್ಲರೂ ಕೇಳಿಸ್ಕೊಳ್ಳಿ, ನಾನೇ ಒಂದು ಹೇಳ್ತೀನಿ," ಎಂದೆ. "ನಾಳೆಯಿಂದ ನಾನು ಬಾವಿಯಿಂದ ಈ ಮನೆಗೆ ನೀರು ಇಳಿಸಲ್ಲ. ಅಲ್ಮಾನೂ ಇಳಿಸಲ್ಲ. ನೀರು ಎಲ್ಲಿಗೆ ಬಂದಿದೆಯೋ ನನ್ನ ಕೆಲಸ ಅಲ್ಲಿ. ಪೈಪು ಕೊಟ್ಟಿಗೆಗೆ ಹೋಗಿದೆ, ನಾನೂ ಕೊಟ್ಟಿಗೆಗೆ ಹೋಗ್ತೀನಿ."

"ಹುಚ್ಚು ಮಾತು," ಎಂದ ಸಿವೆರ್ಟ್.

"ಆಗಲಿ."

*

ಬೇಸಗೆಯಲ್ಲಿ ಹಸುಗಳು ಹಗಲೆಲ್ಲ ಹುಲ್ಲುಗಾವಲಿನಲ್ಲಿ ಇರುತ್ತವೆ, ಕರೆಯುವ ಹೊತ್ತಿಗೆ ಮಾತ್ರ ಒಳಗೆ. ನಾನೂ ಅಲ್ಮಾಳೂ ಕೊಟ್ಟಿಗೆಯ ನೆಲವನ್ನು ತಿಕ್ಕಿ ತೊಳೆದೆವು, ಗೋಡೆಗೆ ಸುಣ್ಣ ಬಳಿದೆವು. ಸಿವೆರ್ಟ್ ಬರೆದ ಹಾಲಿನ ಲೆಕ್ಕ ಇದ್ದ ಗೋಡೆಯನ್ನು ಮಾತ್ರ ಬಿಟ್ಟೆವು. ಬಟ್ಟೆ ಒಗೆಯುವ ತೊಟ್ಟಿ, ಉಜ್ಜುವ ಹಲಗೆ, ಹಿಟ್ಟು ಕಲಸುವ ಮರಿಗೆ, ಪಾತ್ರೆ ಎಲ್ಲವೂ ಕೆಳಗೆ ಇಳಿದವು. ಕೊಟ್ಟಿಗೆಯಿಂದ ದೂರದಲ್ಲಿ, ಬರಿ ನೆಲದ ಮೇಲೆ, ಸಾಬೂನು ಕುದಿಸುವ ಕಲ್ಲಿನ ಒಲೆಯೊಂದು ಮೊದಲೇ ಇತ್ತು. ಕಾಫಿ, ಗಂಜಿ, ಆಲೂಗಡ್ಡೆ ಅಲ್ಲೇ. ರೊಟ್ಟಿ ಸುಡುವುದಕ್ಕಷ್ಟೇ ಮನೆಯ ಒಲೆ. ಅದಕ್ಕೆ ನೀರು ಬೇಡ.

ಮೊದಲ ಸೋಮವಾರ ನಲ್ಲಿ ತಿರುಗಿಸಿ ತೊಟ್ಟಿ ತುಂಬುವುದನ್ನು ನಿಂತು ನೋಡಿದೆ. ಸುಮ್ಮನೆ ನಿಂತಿದ್ದೆ, ನೀರು ತಾನಾಗಿ ಬರುತ್ತಿತ್ತು. ಒಂಬತ್ತು ಗಂಟೆಗೆ ಬಟ್ಟೆಯೆಲ್ಲ ಹಗ್ಗದ ಮೇಲಿತ್ತು. ಸೋಮವಾರ ಮಧ್ಯಾಹ್ನ ನನ್ನ ಬೆನ್ನು ನೇರವಾಗಿದ್ದದ್ದು ಅದೇ ಮೊದಲು.

ಸಿವೆರ್ಟ್ ಬೆಳಗಿನ ಕಾಫಿಗೆ ಮನೆಗೆ ಹೋಗಿ ಖಾಲಿ ಅಡುಗೆಮನೆಯಲ್ಲಿ ಕೂಗಿದ. "ಕಾಫಿ ಎಲ್ಲಿ?"

"ಕೊಟ್ಟಿಗೇಲಿ," ಎಂದರು ಅತ್ತೆ. "ನಿನ್ನ ಹೆಂಡ್ತಿನೂ ಅಲ್ಲೇ ಇದ್ದಾಳೆ. ಕರೆಯೋ ಹೊತ್ತಾಯ್ತೇನೋ ನೋಡು."

ಆ ಮಾತು ನನಗೆ ಕೇಳಿಸಲೆಂದೇ ಜೋರಾಗಿ ಹೇಳಿದ್ದು. ಅತ್ತೆ ಕೆಳಗೆ ಬರಲಿಲ್ಲ. "ಕೊಟ್ಟಿಗೇಲಿ ಉಣ್ಣೋದಕ್ಕೆ ನಾನು ಸಮುದ್ರ ದಾಟಿ ಬಂದಿಲ್ಲ," ಎಂದು ಕಿಟಕಿಯಿಂದ ಹೇಳಿ ಪರದೆ ಎಳೆದರು. ಅಲ್ಮಾ ದಿನಕ್ಕೆ ಮೂರು ಸಲ ತಟ್ಟೆ ಒಯ್ದಳು. ಆರನೆಯ ದಿನ ಮಧ್ಯಾಹ್ನ ನೋಡಿದರೆ ಅತ್ತೆಯೇ ತಮ್ಮ ಕುರ್ಚಿ ಎಳೆದುಕೊಂಡು ಹುಲ್ಲಿನ ಮೇಲೆ ಬರುತ್ತಿದ್ದಾರೆ. ನಾನು ಓಡಿಹೋಗಿ ಹಿಡಿದುಕೊಂಡೆ.

"ನೀನು ಗೆದ್ದೆ ಅಂದ್ಕೋಬೇಡ," ಎಂದರು. "ಕಾಫಿ ಅಲ್ಲಿಗೆ ಬರೋ ಹೊತ್ತಿಗೆ ತಣ್ಣಗಾಗಿರುತ್ತೆ. ನನಗೆ ಸಿಟ್ಟು ನಿನ್ನ ಮೇಲೆ, ಕಾಫಿ ಮೇಲಲ್ಲ."

ಕೂತು, ಸಕ್ಕರೆ ತುಂಡು ಕಚ್ಚಿ, ಎರಡು ಬಟ್ಟಲು ಕುಡಿದರು. ಆಮೇಲೆ ಎದ್ದು ನಲ್ಲಿಯ ಹತ್ತಿರ ಹೋಗಿ ತಮ್ಮ ಬಟ್ಟಲು ತಾವೇ ತೊಳೆದರು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದರು. ನೀರು ನಿಲ್ಲಿಸಿ, ತಿರುಗಿಸಿ, ಮತ್ತೆ ನಿಲ್ಲಿಸಿದರು.

"ಎಷ್ಟು ಸುಲಭ," ಎಂದರು. ಅದು ಮೆಚ್ಚುಗೆಯಾಗಿರಲಿಲ್ಲ. ನಲವತ್ತು ವರ್ಷ ಅವರು ಹೊತ್ತ ಬಕೆಟ್‌ಗಳನ್ನೆಲ್ಲ ಯಾರೋ ಚೆಲ್ಲಿದ ಹಾಗಿತ್ತು ಅವರ ಮುಖ. ನಾನು ಅವರಿಗೆ ಇನ್ನೊಂದು ಬಟ್ಟಲು ಕಾಫಿ ಸುರಿದೆ.

ಮನೆಗೆ ಮುಖ ತೊಳೆಯಲು, ಕುಡಿಯಲು ನೀರು ಬೇಕಲ್ಲ. ಅದನ್ನು ಸಿವೆರ್ಟ್ ತಂದ. ಮಬ್ಬುಗತ್ತಲಾದ ಮೇಲೆ ಹೋಗುತ್ತಿದ್ದ.

"ಅಷ್ಟು ಹೊತ್ತಾದ ಮೇಲೆ ಯಾಕೆ?"

"ರಸ್ತೇಲಿ ಯಾರಾದ್ರೂ ನೋಡಿದ್ರೆ?"

"ಏನನ್ನ? ನೀರನ್ನಾ?"

ಅವನು ಬಕೆಟ್‌ಗಳನ್ನು ಒಲೆಯ ಪಕ್ಕ ಇಟ್ಟ. ಎರಡೂ ಬಕೆಟ್ ಅರ್ಧಕ್ಕೆ ಇಳಿದಿದ್ದವು, ಪ್ಯಾಂಟು ಮಂಡಿಯವರೆಗೆ ಒದ್ದೆ. ಹತ್ತು ದಿನ ತಂದ. ಆಮೇಲೆ ಓಟ್ಸ್ ಕೊಯ್ಲು ಶುರುವಾಯಿತು, ಅವನೂ ಕೊಟ್ಟಿಗೆಯ ನಲ್ಲಿಯಲ್ಲೇ ಮುಖ ತೊಳೆಯತೊಡಗಿದ.

"ಒಂದು ಕವಲು, ಸಿವೆರ್ಟ್," ಎಂದೆ ಒಂದು ಸಂಜೆ. "ಗೋಡೆ ಹತ್ತಿರ ಮಾತ್ರ ಅಗೆದ್ರೆ ಸಾಕು. ಇಬ್ಬರಿಗೆ ಒಂದು ದಿನದ ಕೆಲಸ."

"ಮೇ ತಿಂಗಳಲ್ಲಿ ಮುಚ್ಚಿ ಆಗಸ್ಟಲ್ಲಿ ತೆಗೆದ ಅಂತ ಜನ ಆಡ್ಕೊಳ್ಳಲ್ವಾ? ಏಜೆಂಟ್ ಹೇಳಿದ್ರೂ ಕೇಳಲಿಲ್ಲ, ಹೆಂಡ್ತಿ ಹಟ ಮಾಡಿದ್ಲು ಅಂತ ತೆಗೆದ ಅಂತ?"

"ಅದು ನಿಜ ತಾನೇ?"

"ನಿಜ ಆದ್ರೆ ಇನ್ನೂ ಕಷ್ಟ," ಎಂದ.

*

ಆಗಸ್ಟ್ ಕೊನೆಗೆ ಒಕ್ಕಣೆ ಬಂತು. ಮೊನ್ಸನ ಯಂತ್ರ ಒಂದು ಹೊಲದಿಂದ ಇನ್ನೊಂದಕ್ಕೆ ಹೊಗೆ ಬಿಡುತ್ತ ಬರುತ್ತದೆ. ಅದರ ಹಿಂದೆ ಎಲ್ಲ ಮನೆಯ ಗಂಡಸರೂ ಬರುತ್ತಾರೆ, ಇವತ್ತು ಇವರ ಹೊಲ, ನಾಳೆ ಅವರದು. ಯಾರ ಹೊಲವೋ ಆ ಮನೆಯಾಕೆ ಅವರಿಗೆ ಬಡಿಸಬೇಕು. ಹದಿನಾಲ್ಕು ಗಂಡಸರು. ಒಬ್ಬಾಕೆ ಒಲೆಯಲ್ಲಿ ಸುಟ್ಟ ಸೇಬಿನ ಕಡುಬಿನ ಅಂಚು ಗಟ್ಟಿಯಾಗಿದ್ದರೆ ಮುಂದಿನ ಒಕ್ಕಣೆಯವರೆಗೂ ಆ ಮಾತು ಉಳಿಯುತ್ತದೆ. ಹೆಂಗಸಿನ ಹೆಸರು ಮೇಲಾಗುವುದೂ ಕೆಳಗಾಗುವುದೂ ಆ ಒಂದು ಮಧ್ಯಾಹ್ನ.

ಹಿಂದಿನ ದಿನ ಸಿವೆರ್ಟ್ ಟೋಪಿ ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ಬಂದ. ನಾನು ಕಡುಬಿಗೆ ಸೇಬು ಹೆಚ್ಚುತ್ತಿದ್ದೆ.

"ನಾಳೆ ಒಂದಿನ ಮನೇಲಿ ಬಡಿಸು ಟೂರಿನಾ. ಎಷ್ಟು ಬಕೆಟ್ ಬೇಕೋ ನಾನೇ ಬೆಳಿಗ್ಗೆ ತಂದಿಡ್ತೀನಿ."

"ನಾಳಿದ್ದು?"

"ನಾಳಿದ್ದಿನ ಮಾತು ನಾಳಿದ್ದು."

"ನನಗೆ ಒಂದು ದಿನದ ನೀರು ಬೇಡ. ಮೇಜು ಇಲ್ಲೇ ಹಾಕ್ತೀನಿ."

"ದನದ ಕೊಟ್ಟಿಗೇಲಿ? ಊರೆಲ್ಲ ನಗುತ್ತೆ!"

"ನಗಲಿ. ಯಾಕೆ ಇಲ್ಲಿ ಅಂತ ಕೇಳ್ತಾರಲ್ಲ, ಆಗ ಹೇಳ್ತೀನಿ."

"ನನ್ನ ಮಾನ ತೆಗೀತೀಯ ನೀನು."

"ನಿನ್ನದಷ್ಟೇ ಅಲ್ಲ, ನಂದೂ ಹೋಗುತ್ತೆ. ಇಬ್ಬರದೂ ಒಟ್ಟಿಗೆ ಹೋಗಲಿ. ನನ್ನ ಮಗಳ ಕುತ್ತಿಗೆ ಉಳಿಯುತ್ತೆ."

ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಧೈರ್ಯವಾಗಿ ಆಡಿದೆನೇ ಹೊರತು ಸೇಬಿನ ಹೋಳು ಒಂದು ದಪ್ಪ ಒಂದು ತೆಳ್ಳಗೆ ಬರುತ್ತಿತ್ತು. ಅತ್ತೆ ಮೂಲೆಯಲ್ಲಿ ಕುರ್ಚಿಯ ಮೇಲೆ ಎಲ್ಲವನ್ನೂ ಕೇಳುತ್ತ ಕೂತಿದ್ದರು.

"ಯಾವ ಮೇಜುಬಟ್ಟೆ ಹಾಸ್ತೀಯ?" ಎಂದರು.

"ನೀಲಿ ಚೌಕದ್ದು, ಅಡುಗೆಮನೇದು."

"ಹದಿನಾಲ್ಕು ಗಂಡಸರ ಮುಂದೆ ಅದನ್ನ ಹಾಸ್ತೀಯ? ನನ್ನ ಪೆಟ್ಟಿಗೇಲಿ ಬಿಳೀದು ಇದೆ. ನಮ್ಮಮ್ಮ ನೇಯ್ದದ್ದು." ಎದ್ದು ನಿಂತು ಸೊಂಟ ಹಿಡಿದುಕೊಂಡರು. "ನಗೋರು ಮೊದಲು ಅದನ್ನ ನೋಡಲಿ. ಆಮೇಲೆ ನಗಲಿ."

*

ಮಧ್ಯಾಹ್ನ ಯಂತ್ರದ ಸಿಳ್ಳೆ ಕೂಗಿತು. ಹದಿನಾಲ್ಕು ಜನ ಹೊಟ್ಟಿನ ಧೂಳಿನಲ್ಲಿ ಮುಳುಗೆದ್ದವರಂತೆ ಮನೆಯ ಕಡೆಗೆ ನಡೆದರು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅಲ್ಮಾ ಮೆಟ್ಟಿಲ ಮೇಲೆ ನಿಂತು, ನಾನು ಹೇಳಿಕೊಟ್ಟಂತೆ, "ಊಟ ಕೆಳಗೆ, ದಯವಿಟ್ಟು ಕೊಟ್ಟಿಗೆಗೆ ಬನ್ನಿ," ಎಂದಳು.

ಬಂದರು. ಬಾಗಿಲಲ್ಲಿ ನಿಂತರು. ಬಿಳಿ ಗೋಡೆ, ಉದ್ದಕ್ಕೆ ಹಲಗೆ ಜೋಡಿಸಿದ ಮೇಜು, ಅದರ ಮೇಲೆ ಅತ್ತೆಯ ತಾಯಿ ನೇಯ್ದ ಬಟ್ಟೆ. ಹುರಿದ ಮಾಂಸ, ಕಂದು ಸಾರು, ಬೆಣ್ಣೆಯಲ್ಲಿ ಹೊಳೆಯುವ ಆಲೂಗಡ್ಡೆ, ಎಳೆ ಬೀನ್ಸು, ಆರು ಸೇಬಿನ ಕಡುಬು. ಮೇಜಿನ ಒಂದು ಪಕ್ಕಕ್ಕೆ ಹನ್ನೆರಡು ಕಬ್ಬಿಣದ ಬಟ್ಟಲು ಸಾಲಾಗಿ.

"ಸಿವೆರ್ಟ್," ಎಂದ ಮೊನ್ಸ್, "ನನ್ನನ್ನ ಯಾವ ಗೂಟಕ್ಕೆ ಕಟ್ತೀಯಪ್ಪ?"

ಕೊಟ್ಟಿಗೆಯೆಲ್ಲ ನಕ್ಕಿತು.

"ಅಲ್ಲಿ ಕೂರಬೇಡ ಮೊನ್ಸ್, ಅದು ಡಾಗ್ರೊಸ್ ಜಾಗ. ಅವಳು ನಿನಗಿಂತ ಕಡಿಮೆ ತಿಂತಾಳೆ!"

"ನೀರು ಬೇಕಾದ್ರೆ ಮೂಗಿನಿಂದ ಒತ್ತಬೇಕಾ ಅಮ್ಮಾ?"

"ನಿಮ್ಮ ಮೂಗಿಗೆ ಬಟ್ಟಲು ಸಾಲದು," ಎಂದರು ಅತ್ತೆ ತಮ್ಮ ಕುರ್ಚಿಯಿಂದ. "ನಲ್ಲಿ ಅಲ್ಲಿದೆ. ಕೈ ತೊಳ್ಕೊಂಡು ಕೂತ್ಕೊಳ್ಳಿ. ಆ ಬಟ್ಟೆ ಮೇಲೆ ಕೊಳಕು ಕೈ ಇಟ್ಟೋರಿಗೆ ಕಡುಬಿಲ್ಲ."

ಅವರು ಸಾಲಾಗಿ ನಿಂತು ನಲ್ಲಿಯಲ್ಲಿ ಕೈ, ಮುಖ, ಕುತ್ತಿಗೆ ತೊಳೆದರು. ನೀರು ಸುರಿಯುತ್ತಲೇ ಇತ್ತು. ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೆ. ಸಿವೆರ್ಟನ ಕಿವಿ ಕೆಂಪಾಗಿತ್ತು. ಕಡೆಗೆ ಮೊನ್ಸನೇ, ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು, "ಅಲ್ಲ, ನಿಜವಾಗ್ಲೂ, ಯಾಕೆ ಇಲ್ಲಿ ಮಾರಾಯ?" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಿವೆರ್ಟ್ ಎದ್ದು ನಿಂತಿದ್ದ.

"ಯಾಕೆ ಅಂದ್ರೆ? ನೀವೆಲ್ಲ ನೋಡ್ಲಿ ಅಂತ!" ಎಂದ. "ಹೊಸ ಕಾಲದ ಕೊಟ್ಟಿಗೆ ಅಂದ್ರೆ ಹೀಗಿರುತ್ತೆ. ನೆಲದ ಮೇಲೆ ಕೂತು ಉಣ್ಣಬಹುದು, ಅಷ್ಟು ಚೊಕ್ಕಟ. ವಾಸನೆ ಇದೆಯಾ? ಹೇಳಿ, ಇದೆಯಾ?"

"ಇಲ್ಲ ಬಿಡು," ಎಂದರು ಒಬ್ಬಿಬ್ಬರು.

ನಾನು ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದೆ. ವಾರಗಟ್ಟಲೆ ನಾವು ತಿಕ್ಕಿದ ನೆಲ, ಬಳಿದ ಸುಣ್ಣ. ನನ್ನ ಮೊಂಡುತನವನ್ನೂ ಅವನು ತನ್ನ ಬಟ್ಟಲಿನ ಪಕ್ಕ ಸಾಲಾಗಿ ನಿಲ್ಲಿಸಿದ್ದ. ಜನ ತಲೆದೂಗುತ್ತಿದ್ದರು. ಅವನಿಗೆ ಹುರುಪು ಏರಿತು. ಇದ್ದಿಲಿನ ಲೆಕ್ಕವಿದ್ದ ಗೋಡೆಗೆ ಕೈ ತೋರಿಸಿದ.

"ನೋಡಿ ಅಲ್ಲಿ. ಡಾಗ್ರೊಸ್, ನಾಲ್ಕು ಪೌಂಡು ಜಾಸ್ತಿ. ಲಿಟಾಗೊ, ಮೂರು. ಹುಲ್ಲು ಅಂತೀಯಲ್ಲ ಮೊನ್ಸ್, ಈಗ ಆಗಸ್ಟು, ಹುಲ್ಲು ಒಣಗಿದೆ, ಹಾಲು ಇಳಿದಿಲ್ಲ. ನೀರು! ಮನುಷ್ಯ ತಿಳ್ಕೊಬೇಕಾದ್ದು ಒಂದೇ. ನಿನಗಾಗಿ ಬೆಳಗಿಂದ ರಾತ್ರಿವರೆಗೂ ಕೊಡೋ ಜೀವ ನೀರಿಗೋಸ್ಕರ ನಡೀಬಾರದು. ಅದರ ಮೂತಿ ಹತ್ತಿರಕ್ಕೆ ನೀರು ತಂದಿಡಬೇಕು. ಅದು ಮನೆ ಯಜಮಾನನ ಕರ್ತವ್ಯ."

"ಪುಸ್ತಕದಲ್ಲಿದೆಯಾ?" ಎಂದ ಯಾರೋ.

"ಇದೆ!"

ನಗುವಿನ ನಡುವೆ ಅಲ್ಮಾ ಆಲೂಗಡ್ಡೆಯ ದೊಡ್ಡ ತಟ್ಟೆ ಹಿಡಿದು ತಂದೆಯ ಪಕ್ಕದಲ್ಲಿ ನಿಂತಿದ್ದಳು. ಬಡಿಸುತ್ತಿರಲಿಲ್ಲ. ಗೋಡೆಯ ಮೇಲಿನ ಲೆಕ್ಕವನ್ನು ಮೇಲಿಂದ ಕೆಳಗೆ, ಒಂದೊಂದೇ ಹೆಸರಾಗಿ, ತುಟಿ ಅಲ್ಲಾಡಿಸಿ ಓದುತ್ತಿದ್ದಳು. ಓದಿ ಮುಗಿಸಿ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಊಟದ ಹೊತ್ತು ಎಂದು ಅತ್ತೆ ಹೇಳಬಹುದಿತ್ತು. ನಾನು ಅವರ ಕಡೆ ನೋಡಿದೆ. ಅವರು ಅಲ್ಮಾಳನ್ನೇ ನೋಡುತ್ತಿದ್ದರು.

"ಅಪ್ಪಾ," ಎಂದಳು ಅಲ್ಮಾ. ಯಾರನ್ನೂ ಚುಚ್ಚುವ ದನಿಯಲ್ಲ, ಶಾಲೆಯಲ್ಲಿ ಲೆಕ್ಕ ತಿಳಿಯದಿದ್ದಾಗ ಕೇಳುವ ದನಿ. ಹದಿನಾಲ್ಕು ಚಮಚ ನಿಂತವು. "ಅಡುಗೆಮನೆಗೆ ನೀರು ಬರೋಕೆ ಅಮ್ಮ ಇನ್ನೂ ಎಷ್ಟು ಕೊಡಬೇಕು?"